ಬ್ರಾಕೆಟ್ ಅಕ್ಕನ ಕೊನೆಯ ‘ಇಲ್ಲದಿದ್ದರೆ’

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬ್ರಾಕೆಟ್ ಅಕ್ಕ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಆ ಹೆಸರು ಅವಳಿಗೆ ಅಂಟಿದ್ದು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಅವಳು ಬರೆದಿಟ್ಟ ಒಂದು ಸೂತ್ರದಿಂದ. ಅದರ ಬಾಲದಲ್ಲಿ ಹದಿಮೂರು ಬ್ರಾಕೆಟ್‌ಗಳು ಸಾಲಾಗಿ ನಿಂತಿದ್ದವು. ಒಂದು ಹೆಚ್ಚುಕಡಿಮೆಯಾದರೂ ಇಡೀ ಕಾಲಂ ಮುಷ್ಕರ ಹೂಡುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಇರಲಿಲ್ಲ.

ಅವಳ ವಿಭಾಗದ ಕೆಲಸ ಯಾರಿಗೂ ಬೇಡದ್ದು. ಹೆಸರು ವಿಳಾಸ ಗೊತ್ತಿಲ್ಲದ ರೋಗಿ ಸುತ್ತಲಿನ ಯಾವ ಆಸ್ಪತ್ರೆಗೆ ಬಂದರೂ, ಬಂದು ಹಾಗೆಯೇ ಸತ್ತರೂ, ವಿವರ ಇಲ್ಲಿಗೆ ಬರುತ್ತಿತ್ತು. ಒಬ್ಬೊಬ್ಬರಿಗೆ ಒಂದು ಸಾಲು: ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಮೈಮೇಲೆ ಎದ್ದು ಕಾಣುವ ಒಂದು ಗುರುತು. ಗುರುತನ್ನು ಆಸ್ಪತ್ರೆಯವರು ಬರೀ ಅಂಕಿಯಲ್ಲಿ ಕಳಿಸುತ್ತಿದ್ದರು. ಅದನ್ನು ಮಾತಾಗಿ ಬದಲಿಸುವುದು ಸೂತ್ರದ ಪಾಲಿನ ಕೆಲಸ. ಒಂದಿದ್ದರೆ ಮಚ್ಚೆ, ಇಲ್ಲದಿದ್ದರೆ, ಎರಡಿದ್ದರೆ ಸುಟ್ಟ ಕಲೆ, ಇಲ್ಲದಿದ್ದರೆ, ಮೂರಿದ್ದರೆ ಹಚ್ಚೆ. ಹೀಗೆ ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂತು ಹದಿಮೂರರವರೆಗೆ. ಯಾವುದೂ ಅಲ್ಲದಿದ್ದರೆ ಕೊನೆಗೊಂದು ಉತ್ತರ ಕೊಡಬೇಕಲ್ಲ? ಗುರುತೇ ಇಲ್ಲದವರ ಜಾಗವನ್ನು ಆಸ್ಪತ್ರೆಯವರು ಖಾಲಿ ಬಿಡುತ್ತಿದ್ದರು. ಆದ್ದರಿಂದ ಕೊನೆಯ ಇಲ್ಲದಿದ್ದರೆಯ ಮುಂದೆ ಅವಳು ‘ಗುರುತಿಲ್ಲ’ ಎಂದು ಬರೆದಿದ್ದಳು.

ಬೇರೆಯವರು ತಪ್ಪಿಸಿಕೊಂಡು ಓಡುವ ಈ ವಿಭಾಗವನ್ನು ಅವಳು ತಾನಾಗಿ ಕೇಳಿ ಪಡೆದಿದ್ದಳು. ಕಾರಣ ತಮ್ಮ.

ತಮ್ಮ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಒಂದು ದಿನ ಗರಗಸ ಅವನ ಎಡಗೈಯ ಕಿರುಬೆರಳನ್ನೂ ಉಂಗುರದ ಬೆರಳಿನ ಅರ್ಧವನ್ನೂ ತೆಗೆದುಕೊಂಡಿತು. ಗಾಯ ಮಾಯುವ ಮೊದಲೇ ಅವನು ತನಗೆ ‘ಎಂಟೂವರೆ’ ಎಂದು ಹೆಸರಿಟ್ಟುಕೊಂಡು ಎಲ್ಲರನ್ನೂ ನಗಿಸಿದ. ಗಾಯ ಮಾಯಿತು, ನಗು ನಿಂತಿತು. ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಅಕ್ಕ ಆರು ತಿಂಗಳು ಸಹಿಸಿದಳು. ಆಮೇಲೊಂದು ಬೆಳಿಗ್ಗೆ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ, “ಎಂಟೂವರೆ ಬೆರಳು ಸಾಲ್ದಾ ನಿಂಗೆ ದುಡಿಯೋಕೆ?” ಎಂದುಬಿಟ್ಟಳು. ಸಂಜೆ ಬಂದಾಗ ಅವನಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು, ಫೋಟೋ ಹಂಚಿದರು. ಒಂಬತ್ತು ವರ್ಷವಾದರೂ ಪತ್ತೆಯಿಲ್ಲ.

ಈ ವಿಭಾಗಕ್ಕೆ ಬಂದಂದಿನಿಂದ ಅವಳ ದಿನ ಒಂದೇ ರೀತಿ ಶುರುವಾಗುತ್ತಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ, ಚೀಲ ಹೆಗಲಲ್ಲಿರುವಾಗಲೇ, ಗುರುತಿನ ಕಾಲಂನಲ್ಲಿ ‘ಕೈ ಅಥವಾ ಬೆರಳು ಊನ’ ಎಂಬುದನ್ನು ಮಾತ್ರ ಸೋಸಿ ನೋಡುವುದು. ಬಂದವರಲ್ಲಿ ತಮ್ಮನಿಲ್ಲವೆಂದು ಖಾತ್ರಿಯಾದ ಮೇಲೆ ಚೀಲ ಕೆಳಗಿಡುವುದು. ಸಂಜೆ ಎರಡನೇ ಮಹಡಿಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರೆ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಮ್ಮ ಕೂತಿರುತ್ತಿದ್ದಳು.

“ಬಂತಾ?”

“ಇಲ್ಲಮ್ಮ.”

ಸುದ್ದಿ ಬಂತಾ ಎಂಬುದರಲ್ಲಿ ಸುದ್ದಿ ಎನ್ನುವ ಮಾತು ಎಂದೋ ಸವೆದುಹೋಗಿತ್ತು.

ಹೀಗಿರುವಾಗ ಆ ವಿಭಾಗಕ್ಕೆ ಒಬ್ಬರು ವರ್ಗವಾಗಿ ಬಂದರು. ಇಪ್ಪತ್ತೇಳು ವರ್ಷ ಉಗ್ರಾಣ ನೋಡಿಕೊಂಡವರು, ನಿವೃತ್ತಿಗೆ ಒಂದೂವರೆ ವರ್ಷ ಉಳಿದವರು. ಅವಳ ಸೂತ್ರವನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು, ಹಾಕಿಕೊಂಡು, ಮತ್ತೊಮ್ಮೆ ನೋಡಿದರು.

“ಅಕ್ಕಾವ್ರೆ, ಇದೇನಿದು? ಬಾಗಿಲು ತೆಗೆದ್ರೆ ಬಾಗಿಲು, ಅದನ್ನ ತೆಗೆದ್ರೆ ಇನ್ನೊಂದು ಬಾಗಿಲು! ಒಳಗೆ ಹೋದೋನು ಹೊರಗೆ ಬರೋದು ಯಾವಾಗ?”

“ಸರ್, ಕೈಮುಗಿತೀನಿ, ಅದನ್ನ ಮಾತ್ರ ಮುಟ್ಟಬೇಡಿ. ಹೇಗೋ ನಡ್ಕೊಂಡು ಹೋಗ್ತಿದೆ.”

“ಮುಟ್ಟಲ್ಲ. ಪಕ್ಕದಲ್ಲೊಂದು ಪಟ್ಟಿ ಮಾಡೋಣ. ಎಡಗಡೆ ಅಂಕಿ, ಬಲಗಡೆ ಅರ್ಥ. ಅಂಕಿ ಬಂದ್ರೆ ಪಟ್ಟಿ ನೋಡಿ ಅರ್ಥ ತಗೊಂಡು ಬಾ ಅಂತ ಒಂದೇ ಮಾತು ಹೇಳಿದ್ರಾಯ್ತು. ಹೊಸದು ಬಂದ್ರೆ ಪಟ್ಟಿಗೆ ಒಂದು ಸಾಲು ಸೇರಿಸೋದು. ಉಗ್ರಾಣದಲ್ಲಿ ಸಾವಿರ ಸಾಮಾನನ್ನ ಹೀಗೇ ಇಟ್ಟಿದ್ದು ನಾನು.”

ಅರ್ಧ ಗಂಟೆಯಲ್ಲಿ ಪಟ್ಟಿಯಾಯಿತು. ಹದಿಮೂರು ಸಾಲು, ಎರಡು ಕಾಲಂ. ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕೇನಾ ಎಂದು ಅವಳಿಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಕೊನೆಯಲ್ಲಿ, “ಪಟ್ಟಿಯಲ್ಲಿ ಇಲ್ಲದ ಅಂಕಿ ಬಂದ್ರೆ ‘ಗುರುತಿಲ್ಲ’ ಅಂತ ಹಾಕಿಬಿಡಿ ಸರ್,” ಎಂದಳು.

“ಅದು ಬೇಡ. ಖಾಲಿ ಬಿಟ್ಟಿದ್ರೆ ಮಾತ್ರ ಗುರುತಿಲ್ಲ ಅನ್ನಲಿ. ನಮ್ಮ ಪಟ್ಟಿಯಲ್ಲಿಲ್ಲದ್ದನ್ನ ಇಲ್ಲವೇ ಇಲ್ಲ ಅನ್ನಬಾರದು ಅಕ್ಕಾವ್ರೆ. ನಂಗೆ ಗೊತ್ತಿಲ್ಲ ಅನ್ನಬೇಕು.” ಅವರು ‘ಅರ್ಥವಾಗಿಲ್ಲ’ ಎಂದು ಬೆರಳಚ್ಚಿಸಿ, ಅದಕ್ಕೆ ಕೆಂಪು ಬಣ್ಣ ಕೊಟ್ಟು ಗುಂಡಿ ಒತ್ತಿದರು.

ಪರದೆಯಲ್ಲಿ ಇಪ್ಪತ್ತಮೂರು ಸಾಲು ಕೆಂಪಾದವು. ಎಲ್ಲದರ ಅಂಕಿಯೂ ಹದಿನಾಲ್ಕು. ಎಲ್ಲವೂ ಒಂದೇ ಆಸ್ಪತ್ರೆಯವು, ಊರಾಚೆಯ ಸಣ್ಣದೊಂದು ಆಸ್ಪತ್ರೆ.

ಹದಿನಾಲ್ಕು ಅಂದರೇನು ಎಂದು ಅವರು ಕೇಳುತ್ತಿದ್ದರು. ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಆ ಆಸ್ಪತ್ರೆಯಿಂದ ಎರಡು ಸಾಲಿನ ಪತ್ರ ಬಂದಿತ್ತು: ಇನ್ನು ಮುಂದೆ ಬೆರಳಿನ ಊನವನ್ನು ಕೈಯ ಊನದ ಜೊತೆ ಸೇರಿಸುವುದಿಲ್ಲ, ಬೇರೆಯಾಗಿ ಹದಿನಾಲ್ಕು ಎಂದು ಕೊಡುತ್ತೇವೆ. ಅಂದೇ ಅವಳು ಸೂತ್ರಕ್ಕೆ ಇನ್ನೊಂದು ಇಲ್ಲದಿದ್ದರೆ ಸೇರಿಸಲು ಹೋಗಿದ್ದಳು. ಬ್ರಾಕೆಟ್ ಎಲ್ಲೋ ತಪ್ಪಿ ಇಡೀ ಕಾಲಂ ಕೆಟ್ಟು ಕೂತಿತ್ತು. ಮೇಲಧಿಕಾರಿ ಎಲ್ಲರೆದುರು ಕೂಗಾಡಿದ್ದರು. ಅವಳು ಹಳೆಯದನ್ನೇ ಮರಳಿ ಹಾಕಿ, ಪತ್ರವನ್ನು ಡ್ರಾಯರಿಗೆ ಸೇರಿಸಿ, ನಾಳೆ ನೋಡಿದರಾಯಿತು ಎಂದುಕೊಂಡಿದ್ದಳು. ನಾಳೆ ಬೇರೆ ಕೆಲಸ ಬಂತು. ಒಂದು ವಾರ ನೆನಪಿತ್ತು, ಆಮೇಲೆ ಇರಲಿಲ್ಲ.

ಹನ್ನೊಂದನೆಯ ಕೆಂಪು ಸಾಲಿನಲ್ಲಿ ಅವನಿದ್ದ. ಗಂಡು, ಸುಮಾರು ನಲವತ್ತು, ತಮ್ಮನದೇ ವಯಸ್ಸು. ಬಲಭಾಗಕ್ಕೆ ಲಕ್ವ, ಮಾತಿಲ್ಲ. ದಾಖಲಾದದ್ದು ಮೂರು ವರ್ಷದ ಹಿಂದೆ. ತೀರಿಕೊಂಡದ್ದು ಅದಾದ ಏಳು ತಿಂಗಳಿಗೆ.

“ನಿಮ್ಮ ತಮ್ಮನೇ ಅಂತ ಹೇಗೆ ಹೇಳ್ತೀರಿ? ಸುಮ್ನೆ ಗಾಬರಿಯಾಗಬೇಡಿ,” ಎಂದು ಉಗ್ರಾಣದವರು ಸಮಾಧಾನ ಹೇಳುತ್ತಲೇ ಅವಳ ಜೊತೆ ಬಸ್ಸು ಹತ್ತಿದರು. ಎರಡು ಬಸ್ಸು ಬದಲಿಸಬೇಕಿತ್ತು, ಒಟ್ಟು ಒಂದೂಕಾಲು ಗಂಟೆಯ ದಾರಿ. ಆಸ್ಪತ್ರೆಯ ಫೈಲಿನಲ್ಲಿ ಫೋಟೋ ಇತ್ತು. ಹೊದಿಕೆಯ ಮೇಲಿಟ್ಟ ಎಡಗೈಯೂ ಅದರಲ್ಲಿತ್ತು. ಅವಳು ಮುಖ ನೋಡುವ ಮೊದಲು ಬೆರಳು ನೋಡಿದಳು.

ವಾರ್ಡಿನ ನರ್ಸ್‌ಗೆ ಅವನ ನೆನಪು ಚೆನ್ನಾಗಿತ್ತು. “ಒಳ್ಳೆಯವರು, ತೊಂದರೆ ಕೊಡ್ತಿರಲಿಲ್ಲ. ಬಾಗಿಲ ಕಡೆಗಿರೋ ಮಂಚಾನೇ ಬೇಕು ಅಂತ ಕೈ ತೋರಿಸಿ ಹಟ ಮಾಡಿದ್ರು. ಯಾರೇ ಒಳಗೆ ಬಂದ್ರೂ ತಲೆ ಎತ್ತಿ ನೋಡೋರು. ನಿಮ್ಮ ಕಚೇರಿಗೆ ಆವತ್ತೇ ವಿವರ ಕಳಿಸಿದ್ವಲ್ಲ, ಯಾರೂ ಬರಲಿಲ್ಲ.”

ಆಸ್ಪತ್ರೆಯವರೇ ಮಣ್ಣು ಮಾಡಿದ್ದರು. ಜಾಗ ತೋರಿಸುತ್ತೇವೆ ಎಂದರು. ಅವಳು ಅಮ್ಮನನ್ನು ಕರೆದುಕೊಂಡು ಬರುತ್ತೇನೆ ಎಂದಳು.

ಅಂದು ಮೆಟ್ಟಿಲು ಹತ್ತಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು. ಅಮ್ಮ ಸ್ಟೂಲಿನ ಮೇಲಿದ್ದಳು.

“ಬಂತಾ?”

“ಸಿಕ್ಕಿದ ಅಮ್ಮ.”

ಮೊಣಕಾಲು ನೋವಿಗೆ ಯಾರಾದರೂ ಕೈಹಿಡಿದು ಎಬ್ಬಿಸಬೇಕಿದ್ದ ಅಮ್ಮ, ಗೋಡೆ ಹಿಡಿದು ಒಬ್ಬಳೇ ಎದ್ದು ನಿಂತಳು. “ಕೆಳಗೆ ನಿಂತಿದ್ದಾನಾ? ಮೇಲೆ ಬರೋಕೆ ಹೇಳು. ನೀನು ಮತ್ತೆ ಏನಾದ್ರೂ ಅಂದುಬಿಡಬೇಡ.”

ಅವಳು ಅಮ್ಮನನ್ನು ಹಿಡಿದು ಕೂರಿಸಿ, ಕಾಲಬಳಿ ಕೂತು ಎಲ್ಲ ಹೇಳಿದಳು. ತನ್ನ ಸೂತ್ರವನ್ನೂ ಡ್ರಾಯರಿನ ಪತ್ರವನ್ನೂ ಮುಚ್ಚಿಡಲಿಲ್ಲ. ಸೂತ್ರ ಅಮ್ಮನಿಗೆ ಅರ್ಥವಾಗಲಿಲ್ಲ. ಏಳು ತಿಂಗಳು ಅರ್ಥವಾಯಿತು.

“ನೀನು ದಿನಾ ಬೆಳಿಗ್ಗೆ ನೋಡ್ತಿದ್ದೆ ಅಲ್ವಾ?”

“ನೋಡ್ತಿದ್ದೆ.”

“ಅವನು ಅದರೊಳಗೇ ಇದ್ನಾ?”

“ಅದರೊಳಗೇ ಇದ್ದ ಅಮ್ಮ. ಗುರುತಿಲ್ಲ ಅಂತ ನಾನೇ ಬರೆದಿದ್ದೆ.”

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಅವನಿಗೆ ಗುರುತಿಲ್ವಾ?” ಎಂದಳು. ಆಮೇಲೆ ಹೇಳತೊಡಗಿದಳು. ಬಲಗಿವಿಯ ಹಿಂದೆ ಮಚ್ಚೆ. ಮೂರು ವರ್ಷದವನಿದ್ದಾಗ ಮೆಟ್ಟಿಲಿಂದ ಬಿದ್ದು ಗಲ್ಲದ ಕೆಳಗೆ ಎರಡು ಹೊಲಿಗೆ. ಕುದಿಯುವ ಹಾಲು ಚೆಲ್ಲಿ ಪಾದದ ಮೇಲೆ ಕಲೆ, ಅದು ತನ್ನದೇ ತಪ್ಪು. ಬೆನ್ನಿಗೆ ಬಿಳಿ ಮಚ್ಚೆ, ಹೆಬ್ಬೆರಳಿನಷ್ಟು, ಅದು ಅವನಿಗೇ ಗೊತ್ತಿರಲಿಲ್ಲ. ಒಂದಾದ ಮೇಲೊಂದು, ನಿಧಾನಕ್ಕೆ, ಏನನ್ನೂ ಬಿಡದೆ.

ಅಮ್ಮನೊಂದಿಗೆ ಆ ಜಾಗ ನೋಡಿ ಬಂದ ಮರುದಿನ ಅವಳು ಕಚೇರಿಗೆ ಹೋದಳು. ಉಳಿದ ಇಪ್ಪತ್ತೆರಡು ಸಾಲಿನ ಮನೆಯವರನ್ನು ಹುಡುಕಲು ಫೋನು ಹಿಡಿದು ಕೂತಳು. ಸಂಜೆ ಮನೆಗೆ ಬಂದಾಗ ಸ್ಟೂಲು ಬಾಗಿಲ ಬಳಿ ಇರಲಿಲ್ಲ, ಒಳಗೆ ಕಿಟಕಿಯ ಪಕ್ಕದಲ್ಲಿತ್ತು. ಅವಳು ಬಾಗಿಲಲ್ಲೇ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಮ್ಮ ಏನನ್ನೂ ಕೇಳಲಿಲ್ಲ.