ಮಾವ ದಾಟಿದ ಗೆರೆಗಳು

ನನ್ನ ಸೋದರಮಾವನ ಬಲಗೈ ಹೆಬ್ಬೆರಳು ತೋರುಬೆರಳ ಮೇಲೆ ಸದಾ ಉರುಳುತ್ತಿತ್ತು. ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೇ ಅದರ ಆಟ. ಅವರ ಊರು ಕಲ್ಯದ ಜಗಲಿ ಪಂಡಿತರು ಅದನ್ನು ಹೊಗೆಸೊಪ್ಪು ಉಜ್ಜುವುದೆಂದೇ ತಿಳಿದು, 'ನಂಗೂ ಒಸಿ ಕೊಡಣ್ಣೋ' ಎಂದು ಅಂಗೈ ಚಾಚುತ್ತಿದ್ದರು. ಹೊಗೆಸೊಪ್ಪನ್ನು ಜನ್ಮದಲ್ಲೇ ಮುಟ್ಟದ ಮಾವ, 'ಬುದ್ಧಿ ಉಜ್ತಾ ಇವ್ನಿ ಕಣ್ಲಾ. ನಿಂಗಿಲ್ದೇ ಇರೋದು ಅದೇಯ, ತಕೋ' ಎನ್ನುತ್ತಿದ್ದರು.

ಬರಬರುತ್ತಾ ಮುಖ ಬಿಗಿಯಿತು, ದನಿ ತಗ್ಗಿತು, ಬಾಗಿಲ ಬಳಿ ಕಾಲು ತಡೆಯತೊಡಗಿತು. ನಂಟರು 'ಕೊಬ್ಬು. ಮಾತಾಡ್ಸುದ್ರೂ ನಗಾಕಿಲ್ಲ' ಎಂದರು. ಇನ್ನೊಬ್ಬರ ಕಾಯಿಲೆಗೆ ಹೆಸರಿಡುವಷ್ಟು ಧಾರಾಳತನ ನಮ್ಮ ನಂಟರಿಗೆ ಬೇರೆ ಯಾವುದರಲ್ಲೂ ಇಲ್ಲ. ನಾನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದು ಬಿಡಿಸಿ ಹೇಳಿದರು: ತಲೆಯ ಹಿಂಭಾಗದ ಕಿರುಮಿದುಳು ಮೈಯ ತೂಕ ತಪ್ಪದಂತೆ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ಕುಡಿದವರಂತೆ ತೂರಾಡುತ್ತಾರೆ, ಇವರದು ಚೆನ್ನಾಗಿಯೇ ಇದೆ. ಕೆಟ್ಟಿರುವುದು ಮಿದುಳಿನ ಆಳದಲ್ಲಿರುವ ನರಗಂಟುಗಳ ಕೆಲಸ. ರೂಢಿಯ ನಡಿಗೆಗೆ 'ಹೊರಡು' ಎನ್ನುವುದು ಅವೇ. ಅವಕ್ಕೆ ಬೇಕಾದ ರಾಸಾಯನಿಕ ಬತ್ತುತ್ತಿದೆ. ಅದಕ್ಕೇ ಬಾಗಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟುತ್ತದೆ. ಮಾತ್ರೆಯ ಜೊತೆಗೆ ನೆಲದ ಮೇಲೆ ಅಡ್ಡಗೆರೆ ಎಳೆದು ದಾಟಿಸಿರಿ; ಕಣ್ಣು ಗೆರೆ ನೋಡಿದರೆ ಮಿದುಳು ಬೇರೆ ದಾರಿಯಿಂದ ಕಾಲೆತ್ತಿಸುತ್ತದೆ ಎಂದರು.

'ಅಂಗಾರೆ ಮೊಖ ಕೆಟ್ಟೈತೆ, ಬಾಯಿ ಕೆಟ್ಟಿಲ್ಲ. ಸಾಕು ಬುಡವ್ವ' ಎಂದರು ಮಾವ, ನನ್ನತ್ತ ತಿರುಗಿ.

ಅತ್ತೆ ಹೊಸಿಲ ಎರಡೂ ಕಡೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಮಾವ ಒಂದೊಂದೇ ದಾಟಿ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬರತೊಡಗಿದರು. ಇದನ್ನು ಸಹಿಸದವನು ಮಾವನ ತಮ್ಮ. ಅವನಿಗೆ ಬಹುವಚನ ಹಾಕಲು ನನ್ನ ಕೈ ಏಳುವುದಿಲ್ಲ. ದಾರಿಯಲ್ಲಿ ಯಾರೋ ಮಾಡಿಟ್ಟ ನಿಂಬೆಹಣ್ಣು ಕುಂಕುಮ ದಾಟಿದರೆ ಕಾಲು ಬೀಳುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಇವನು ಶಾಸ್ತ್ರ ಹೇಳುವವನೊಬ್ಬನನ್ನು ಕರೆತಂದ. ಆ ಮಹಾಜ್ಞಾನಿ ಕವಡೆ ಉರುಳಿಸಿ, 'ದಾಟಬಾರದ್ದ ದಾಟವ್ರೆ. ಇನ್ಮ್ಯಾಲೆ ಯಾವ್ ಗೆರೇನೂ ದಾಟ್ಕೂಡ್ದು' ಎಂದ. ತಮ್ಮ ತಾನೇ ನಿಂತು ಹೊಸಿಲು ತೊಳೆಸಿದ. ಅತ್ತೆ ಹೆದರಿ ಗೆರೆ ಎಳೆಯುವುದನ್ನೇ ಬಿಟ್ಟರು, ಮಾವ ಒಳಗೇ ಉಳಿದರು. ನಡೆಯುತ್ತಿದ್ದವರನ್ನು ನಿಲ್ಲಿಸಿ, ವಾಸಿ ಮಾಡಿದೆವೆಂದು ಮೀಸೆ ತಿರುವುವ ಜನ! ಥೂ.

ಅಷ್ಟರಲ್ಲಿ ಅವರ ಒಬ್ಬಳೇ ಮಗಳ ಮದುವೆ ಬಂತು. ತನ್ನ ಕೈಯಿಂದಲೇ ಧಾರೆ ಎರೆಯಬೇಕು ಎಂಬುದೊಂದೇ ಮಾವನ ಆಸೆ. ಮಾಗಡಿಯ ಛತ್ರದಲ್ಲಿ, ಸರಿಯಾಗಿ ಮುಹೂರ್ತದ ಹೊತ್ತಿಗೆ, ಕೋಣೆಯ ಬಾಗಿಲಲ್ಲಿ ಕಾಲು ಅಂಟಿಕೊಂಡಿತು. ಮುಖದಲ್ಲಿ ನಗುವಿಲ್ಲ, ಹೆಜ್ಜೆ ಮುಂದಕ್ಕಿಲ್ಲ. ಗಂಡಿನ ಕಡೆಯವರು 'ಹೆಣ್ಣಿನಪ್ಪಂಗೆ ಈ ಸಂಬಂಧ ಇಷ್ಟ ಇಲ್ವಂತೆ' ಎಂದು ಗುಸುಗುಟ್ಟಿದರು. ಮಂಟಪದಲ್ಲಿ ಮಗಳ ಕಣ್ಣು ತುಂಬಿತು. ತಮ್ಮ ಆಗಲೇ ಶಲ್ಯ ಸರಿಮಾಡಿಕೊಂಡು, 'ನಾನೇ ಎರೀತೀನಿ ಬುಡಿ' ಎಂದು ಮುಂದೆ ಬಂದ.

ಅತ್ತೆಗೆ ಎಲ್ಲಿತ್ತೋ ಆ ಧೈರ್ಯ, ಯಾರದೋ ಕೈಯಲ್ಲಿದ್ದ ರಂಗೋಲಿ ಡಬ್ಬಿ ಕಿತ್ತುಕೊಂಡು ಬಂದು ಬಾಗಿಲಿಂದ ಮಂಟಪದವರೆಗೂ ಅಡ್ಡಗೆರೆಗಳನ್ನು ಎಳೆಯುತ್ತಾ ಹೋದರು.

'ದಾಟ್ಬ್ಯಾಡ ಕಣಣ್ಣೋ, ಸತ್ತೋಯ್ತೀಯ!' ತಮ್ಮ ಅರಚಿದ.

'ಪಕ್ಕಕ್ ಓಗ್ಲಾ, ಗೆರೆ ಕಾಣಾಕಿಲ್ಲ' ಎಂದ ಮಾವ ಒಂದೊಂದಾಗಿ ದಾಟಿಬಿಟ್ಟರು. ಚೆಂಬು ಹಿಡಿದದ್ದೇ ಕೈನಡುಕವೂ ತಗ್ಗಿತು. ನೀರು ನೇರವಾಗಿ ಮಗಳ ಕೈಮೇಲೆ ಬಿತ್ತು. ನಾನು ನಾಚಿಕೆಯಿಲ್ಲದೆ ಗೊಳೋ ಎಂದು ಅತ್ತುಬಿಟ್ಟೆ.

ಹೋದ ವರ್ಷ ನ್ಯುಮೋನಿಯಾ ಆಗಿ ಮಾವ ರಾಮನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ತಿಥಿಯ ದಿನ ತಮ್ಮ ಎಲೆಯ ಮುಂದೆ ಕೂತು, ಬಾಯ್ತುಂಬ ಪಾಯಸ ತುಂಬಿಕೊಂಡೇ, 'ಅವತ್ತು ಗೆರೆ ದಾಟ್ದ ನೋಡಿ, ಅದ್ಕೇ ಹೋದ' ಎಂದು ಪಂಕ್ತಿಗೆಲ್ಲ ಸಾರಿದ.

ಗೋಡೆಗೊರಗಿ ಕೂತಿದ್ದ ಅತ್ತೆ ತಲೆಯೆತ್ತಿದರು. 'ಊಂ ಕಣಪ್ಪ, ದಾಟುದ್ರು. ದಾಟಿ ಮಗಳ್ಗೆ ಧಾರೆ ಎರುದ್ರು. ಆಸ್ಪತ್ರೇಲಿ ಮಲಗಿದ್ದಾಗ ದಿನಾ ನಿನ್ನೇ ಕೇಳೋರು. ಒಂದ್ಸಲಾನೂ ಬರ್ಲಿಲ್ವಲ್ಲ, ನಿನ್ ಕಾಲ್ಗೇನಾಗಿತ್ತು?'