ವಾಮನಣ್ಣನ ಐದು ಗುಂಡಿಗಳು

“ಸಿಡಿಲು ಹೊಡೆದು ವಾಮನಣ್ಣನ ಪೆಟ್ಟಿಗೆ ಸುಟ್ಟುಹೋಯಿತು, ಅದಕ್ಕೇ ಸುಬ್ರಾಯ ಭಾಗವತರ ಪದಗಳು ಹೊರಬರಲಿಲ್ಲ.” ಭಟ್ಕಳದಿಂದ ಕುಮಟೆಯವರೆಗೆ ಯಕ್ಷಗಾನದ ಹುಚ್ಚಿರುವವರೆಲ್ಲ ಹೇಳುವ ಮಾತಿದು. ಸಿಡಿಲನ್ನು ಕಂಡವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ನಾನಿದನ್ನು ಒಪ್ಪುವುದಿಲ್ಲ.

ವಾಮನಣ್ಣ ಹೊನ್ನಾವರದಲ್ಲಿ ಮೈಕ್‌ಸೆಟ್ ಇಟ್ಟವರು. ಆಟ ನಡೆದಲ್ಲೆಲ್ಲ ಚಂಡೆಯ ಮಗ್ಗುಲಲ್ಲೇ ಕುಳಿತು ಆಯುಷ್ಯ ಕಳೆದವರು. ಮುಪ್ಪಿನಲ್ಲಿ ಕಂಪ್ಯೂಟರಿನ ಧ್ವನಿಮುದ್ರಣ ಕಲಿತರು. ಹಾಡು, ಶ್ರುತಿ, ಮದ್ದಳೆ, ಚಂಡೆ, ಕಂಚಿನ ತಾಳಗಳನ್ನು ಅದರಲ್ಲಿ ಬೇರೆಬೇರೆಯಾಗಿ ಹಿಡಿದಿಡುವರು. ಆದರೆ ಅದರೊಳಗೇ ಬೆರೆಸಲು ಒಲ್ಲರು. ಬೆರೆಸುವುದಕ್ಕೆಂದೇ ದೊಡ್ಡ ಸ್ಟುಡಿಯೋಗಳಲ್ಲಿರುವ ಯಂತ್ರ ಅವರ ಕೈಗೆಟುಕುವಂಥದ್ದಲ್ಲ. ಗುಜರಿಗೆ ಹೋಗಬೇಕಿದ್ದ ಮೈಕ್‌ಸೆಟ್ಟಿನ ಮಿಕ್ಸರಿನ ಕರುಳು ತೆಗೆದು, ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ, ಹಸಿರು ಬಣ್ಣ ಬಳಿದು, ಒಂದೊಂದು ಸ್ವರವನ್ನು ಏರಿಸಿ ಇಳಿಸಲು ಐದು ಗುಂಡಿ ಇಟ್ಟರು. ಪೆಟ್ಟಿಗೆಯೆಂದರೆ ಇದೇ. ಐದು ತಂತಿಗಳಲ್ಲಿ ಹೊರಬಂದ ಸ್ವರಗಳು ಆ ಡಬ್ಬಿಯಲ್ಲಿ ಕೂಡಿ ಮತ್ತೆ ಕಂಪ್ಯೂಟರನ್ನು ಸೇರಬೇಕು. ಪದ ಮುಗಿಯುವವರೆಗೆ ಬೆರಳು ಗುಂಡಿ ಬಿಡುವಂತಿಲ್ಲ, ತಪ್ಪಿದರೆ ಮೊದಲಿನಿಂದ.

“ಕಂಪ್ಯೂಟರಲ್ಲಿ ಒಬ್ರ ಮೇಲೊಬ್ರು ಕೂತ್ಕಂತ್ರು ಹೆಗಡೇರೇ, ಕಡೇ ಬಸ್ಸಲ್ಲಿ ಕೂತಾಂಗೆ. ನನ್ನ ಡಬ್ಬೀಲಿ ಊಟದ ಪಂಕ್ತಿಗೆ ಕೂತಾಂಗೆ!”

ಬೇರೆಯವರು ಕಂಪ್ಯೂಟರಿನಲ್ಲಿ ಬೆರೆಸಿದ್ದು, ಅವರು ಡಬ್ಬಿಯಲ್ಲಿ ಬೆರೆಸಿದ್ದು, ಎರಡನ್ನೂ ಕೇಳಿಸಿ, ಯಾವುದು ಯಾವುದೆಂದು ಹೇಳಿ ಎಂದೆ. ಸರಿಯಾಗಿಯೇ ಹೇಳಿದರು. ಆದರೂ ನಾನು ಒಪ್ಪಲಿಲ್ಲ. ಭೇದವಿದ್ದದ್ದು ಅವರ ಬೆರಳಿನಲ್ಲಿ, ಡಬ್ಬಿಯಲ್ಲಲ್ಲ.

ಕರ್ಕಿಯ ಸುಬ್ರಾಯ ಭಾಗವತರು ಗಂಟಲಿನ ಶಸ್ತ್ರಚಿಕಿತ್ಸೆಗೆ ಮುನ್ನ ಅವರಲ್ಲಿ ಹಾಡಿಟ್ಟು ಹೋದರು. ಮರಳಿ ಬಂದಾಗ ಸ್ವರವಿರಲಿಲ್ಲ. ಅವರ ಸ್ವರವೆಂದು ಉಳಿದದ್ದು ವಾಮನಣ್ಣ ಬೆರೆಸಬೇಕಿದ್ದ ಆ ಪದಗಳು ಮಾತ್ರ.

ಬೆರೆಸಲು ಕುಳಿತಾಗ ನಾನಿದ್ದೆ. ತಾಳ ಕಿವಿಯನ್ನು ಇರಿಯುತ್ತಿತ್ತು.

“ತಾಳ ಜಾಸ್ತಿ ಆತು ವಾಮನಣ್ಣ.”

“ಎಂತ ತಾಳ? ಕೇಳೂದೇ ಇಲ್ಲ! ಪುಸ್ತಕ ಓದಿ ಓದಿ ನಿಮ್ಮ ಕಿವಿ ಕೆಟ್ಟೋತು.”

“ಅಪ್ಪ, ತಾಳಕ್ಕೆ ಹೆದರಿ ಮನೆ ನಾಯಿ ಓಡಿಹೋತು,” ಎಂದಳು ಮಗಳು ಶಾಲಿನಿ.

ಅವರು ನಗಲಿಲ್ಲ. ಡಬ್ಬಿಯೇ ತಾಳವನ್ನು ನುಂಗುತ್ತಿದೆಯೆಂದು ಬಿಚ್ಚಿದರು, ಬೆಸುಗೆ ಹಾಕಿದರು, ಗುಂಡಿಯನ್ನು ಇನ್ನಷ್ಟು ತಿರುಗಿಸಿದರು.

ಒಂದು ಮಧ್ಯಾಹ್ನ ಭಾಗವತರೇ ಕೇಳಲು ಬಂದರು. ಪದ ಶುರುವಾದೊಡನೆ ತಮ್ಮ ಹಳೆಯ ಸ್ವರಕ್ಕೆ ಮುಖ ಅರಳಿಸಿದವರು, ತಾಳ ಎದ್ದೊಡನೆ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡರು. ವಾಮನಣ್ಣ ಆ ಕೈಗಳನ್ನೇ ನೋಡಿದರು. ಬಳಿಕ ಸ್ವಿಚ್ ಆರಿಸಿದರು.

“ಪೆಟ್ಟಿಗೆ ಸತ್ತೋತು ಭಾಗವತ್ರೇ. ಸಿಡಿಲು ಬಡೀತು, ಕಾಣ್ತದೆ.”

ಹೊರಗೆ ಹಪ್ಪಳ ಒಣಗುವ ಬಿಸಿಲು.

ಪದಗಳನ್ನು ಬೆರೆಸಲು ಬೇರೆಯವರ ಕೈಗೆ ಕೊಡೋಣವೆಂದೆ. ಭಾಗವತರು ಬೇಡವೆಂದು ತಲೆಯಾಡಿಸಿ, ವಾಮನಣ್ಣನ ಕಡೆಗೇ ಬೆರಳು ತೋರಿದರು. ಎಷ್ಟು ದಿನವಾದರೂ ಕಾಯುತ್ತೇನೆ ಎಂಬ ಸನ್ನೆ. ವಾಮನಣ್ಣ, “ಆತು, ರಿಪೇರಿ ಮಾಡ್ವ,” ಎಂದರು. ಒಬ್ಬರಿಗೆ ಸ್ವರವಿಲ್ಲ, ಒಬ್ಬರಿಗೆ ತಾಳ ಕೇಳುವ ಕಿವಿಯಿಲ್ಲ. ನಡುವೆ ಕುಳಿತ ನನಗೆ ಎರಡೂ ಇದ್ದು ಏನೂ ಆಗಲಿಲ್ಲ.

ಈಗ ಇಬ್ಬರೂ ಇಲ್ಲ. ಡಬ್ಬಿ ಕುಮಟೆಯಲ್ಲಿ ಶಾಲಿನಿಯ ಮನೆಯಲ್ಲಿದೆ. ಸಂಶಯವಿದ್ದವರು ಹೋಗಿ ನೋಡಬಹುದು, ಅವಳು ಬೇಡವೆನ್ನುವುದಿಲ್ಲ. ತಂತಿ ಸಿಕ್ಕಿಸಿದರೆ ಕೆಂಪು ದೀಪ ಹತ್ತುತ್ತದೆ, ಐದೂ ದಾರಿಗಳಲ್ಲಿ ಸ್ವರ ಹಾಯುತ್ತದೆ. ನಾಲ್ಕು ಗುಂಡಿಗಳ ಸುತ್ತ ಹಸಿರು ಬಣ್ಣ ಹಾಗೆಯೇ ಇದೆ. ತಾಳದ ಗುಂಡಿಯ ಸುತ್ತ ಮಾತ್ರ ಬಣ್ಣ ಸವೆದು ಬರಿಯ ತಗಡು ಕಾಣುತ್ತದೆ.