ದುರ್ಗಿ ಹಾರಬೇಕಾದ ಸೇತುವೆ

ಹಳೆಯ ವಸ್ತುವಿಗೆ ಹೊಸ ಬಣ್ಣ ಬಳಿಯುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ಆಂಧ್ರದ ಗಡಿಯೊಳಗಿನ ನಮ್ಮ ಆದೋನಿಯಲ್ಲಿ ಯಾವ ಹೋಟೆಲಿನ ಗೋಡೆಗೆ ಸುಣ್ಣಬಣ್ಣವಾದರೂ ಮರುವಾರವೇ ಮಂಡಕ್ಕಿ ಉಗ್ಗಾಣಿಯ ಪಕ್ಕದ ಮೆಣಸಿನಕಾಯಿ ಬಜ್ಜಿ ಕೃಶವಾಗುವುದನ್ನು ಕಂಡವನು ನಾನು. ಹಾಗಾಗಿ ಇಪ್ಪತ್ತು ವರ್ಷ ಹಳೆಯ ಸಾಹಸದ ವಿಡಿಯೋ ಗೇಮೊಂದು ನವೀಕೃತವಾಗಿ ಬಂದಿದೆಯೆಂದು ತಿಳಿದಾಗ, ತಪ್ಪು ಹುಡುಕಿ ವಿಮರ್ಶೆ ಬರೆಯುವ ಉತ್ಸಾಹದಿಂದಲೇ ತರಿಸಿಕೊಂಡೆ. ಹೈಸ್ಕೂಲು ಮೇಷ್ಟರ ಕೆಂಪು ಶಾಯಿಯ ಚಟ ಭಾನುವಾರವೂ ಬಿಡದು, ನೋಡಿ.

ಆಟದಲ್ಲಿ ಒಬ್ಬ ಹುಡುಗಿ ಹೂತುಹೋದ ಪಟ್ಟಣವೊಂದರಲ್ಲಿ ಓಡುತ್ತಾಳೆ, ಹತ್ತುತ್ತಾಳೆ, ಕಾವಲಿನ ರಾಕ್ಷಸರೊಡನೆ ಬಡಿದಾಡುತ್ತಾಳೆ. ಅವಳ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನಾನೂ ಅಕ್ಕನೂ ದುರ್ಗಿ ಎಂದು ನಾಮಕರಣ ಮಾಡಿದ್ದೆವು. ಆಗ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ನಮ್ಮಿಬ್ಬರಿಗೆ ಒಂದೇ ಯಂತ್ರ. ಪಾಳಿಗಾಗಿ ಕಿತ್ತಾಡುವ ಬದಲು ದುರ್ಗಿಯನ್ನೇ ಪಾಲು ಮಾಡಿಕೊಂಡೆವು: ಓಟ ನನ್ನದು, ಜಿಗಿತ ಅಕ್ಕನದು. ಕಂದಕದ ಅಂಚು ಬಂದಾಗ ನಾನು ಶಾಲೆಯ ತೆಲುಗಿನಲ್ಲಿ "ದೂಕು", ಅಂದರೆ ಹಾರು, ಎನ್ನಬೇಕು, ಅವಳು ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಜಗತ್ತೆಲ್ಲ ಈ ಆಟವನ್ನು ಹೀಗೇ ಆಡುತ್ತದೆಂದು ವರ್ಷಗಟ್ಟಲೆ ನಂಬಿದ್ದೆವು.

ಆ ಹೆಬ್ಬೆರಳು ಈಗ ಮುಷ್ಕರ ಹೂಡಿದೆ. ಚಿಪ್ಪಗಿರಿ ರಸ್ತೆಯಲ್ಲಿ ಶೇರ್ ಆಟೋ ಮಗುಚಿ ಮುರಿದ ಅಕ್ಕನ ಬಲಗೈ ಮೂಳೆಯೇನೋ ಕೂಡಿತು. ಆದರೆ ದಿನವೂ ಆಡಿಸದಿದ್ದರೆ ಬೆರಳುಗಳು ಹಾಗೆಯೇ ಬಿಗಿದುಕೊಂಡುಬಿಡುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮಂಚದ ಕೆಳಗೆ ಎಸೆದಳು. ಎಮ್ಮಿಗನೂರಿನಿಂದ ಆರೈಕೆಗೆಂದು ನಮ್ಮ ಮನೆಗೆ ಬಂದು ಎರಡು ತಿಂಗಳಾದರೂ ಕೈ ಸೆರಗಿನಿಂದ ಹೊರಬಂದಿಲ್ಲ. ನನಗೆ ದಿಗಿಲಾಗಿತ್ತು. ವಿಮರ್ಶೆಯೆಂಬುದು ನೆಪ ಮಾತ್ರ.

ಮಧ್ಯಾಹ್ನ ಊಟವಾದ ಮೇಲೆ ಮಂಚದ ಮೇಲೆ ಇಬ್ಬರೂ ಕುಳಿತೆವು. ಕಂಟ್ರೋಲರಿನ ಎಡಭಾಗ ನನ್ನ ಕೈಯಲ್ಲಿ, ಬಲಭಾಗ ಅಕ್ಕನ ತೊಡೆಯ ಮೇಲೆ. ಗುಣವನ್ನು ಗುಣವೆನ್ನಬೇಕು: ಮೊದಲು ಇಟ್ಟಿಗೆಗೆ ಕಣ್ಣು ಬರೆದಂತಿದ್ದ ದುರ್ಗಿಯ ಮುಖದ ಮೇಲೆ ಈಗ ಬೆವರ ಹನಿ ಕಾಣುತ್ತದೆ, ಬಾವಿಯ ನೀರಿನಲ್ಲಿ ಪಂಜಿನ ಬೆಳಕು ನಡುಗುತ್ತದೆ. ಮುರಿದ ಸೇತುವೆ ಬಂತು. "ದೂಕು" ಎಂದೆ. ಅಕ್ಕನ ಕೈ ಅಲುಗುವ ಮೊದಲೇ ದುರ್ಗಿ ತಾನಾಗಿಯೇ ಹಾರಿ ಆಚೆ ದಡ ಹಿಡಿದಳು. ಹೊಸ ಆಟಗಾರರು ನೊಂದುಕೊಳ್ಳಬಾರದೆಂದು ನವೀಕರಣದವರು ತೋರಿದ ದಯೆಯಿದು. ಅಂಥ ದಯೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಆಕಿ ತಾನ ಹಾರ್‍ಯಾಳಲ್ಲೋ. ಮತ್ತ ನಾ ಯಾಕ ಬೇಕು?" ಎಂದು ಅಕ್ಕ ಎದ್ದೇಬಿಟ್ಟಳು.

ಗಾಬರಿಯಲ್ಲಿ ಸೆಟ್ಟಿಂಗುಗಳನ್ನೆಲ್ಲ ತಡಕಾಡಿ, ಆ ಸಹಾಯವನ್ನು ನಿಲ್ಲಿಸುವ ದಾರಿ ಹುಡುಕಿದೆ.

"ಕುಂದ್ರಕ್ಕ. ಈಗ ನೀ ಒತ್ತಲಿಲ್ಲಂದ್ರ ಆಕಿ ಸಾಯ್ತಾಳ."

"ಸತ್ರ ಸಾಯಲಿ," ಎಂದಳು. ಆದರೂ ಕುಳಿತಳು.

ದುರ್ಗಿ ಮೂರು ಸಲ ಸತ್ತಳು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು, ಕೈ ಸೆರಗಿನೊಳಗೇ ಇತ್ತು. ನಾಲ್ಕನೆಯ ಸಲಕ್ಕೆ ಸೆರಗು ಸರಿದ ಸದ್ದಾಯಿತು. ನಾನು ಅತ್ತ ನೋಡಲಿಲ್ಲ. ನೋಡಿದರೆ ಕೈ ಮತ್ತೆ ಒಳಗೆ ಹೋಗುತ್ತದೆಂಬ ಹೆದರಿಕೆ. ಆ ಸದ್ದಿಗೇ ಕಿವಿಗೊಟ್ಟು ಕುಳಿತಿದ್ದರಿಂದ, ಸೇತುವೆಯ ಅಂಚು ಬಂದಾಗ ನಾನು "ದೂಕು" ಎನ್ನುವುದು ತಡವಾಯಿತು. ದುರ್ಗಿ ಬಿದ್ದಳು. ಬೀಳುತ್ತ ಬೀಳುತ್ತ ನಡುಗಾಳಿಯಲ್ಲೊಮ್ಮೆ ಕಾಲು ಜಾಡಿಸಿದಳು. ಗುಂಡಿಯನ್ನು ತಡವಾಗಿ ಒತ್ತಿದರೆ ಮಾತ್ರ ಅವಳು ಹಾಗೆ ಮಾಡುವುದು. ಹಳೆಯ ಆಟದ ಆ ನಗೆಪಾಟಲಿನ ದೋಷವನ್ನು ನವೀಕರಣದವರು ಅದು ಹೇಗೋ ತಿದ್ದದೆ ಬಿಟ್ಟಿದ್ದರು.

"ನೀ ಕೂಗೋದು ತಡಾ ಆತು," ಎಂದಳು ಅಕ್ಕ. "ಇನ್ನೊಮ್ಮಿ ಓಡಸು."

ತಪ್ಪು ನನ್ನದೇ ಎಂದು ಒಪ್ಪಿಕೊಂಡು, ದುರ್ಗಿಯನ್ನು ಮತ್ತೆ ಓಡಿಸಿದೆ.